ಹಳ್ಳದ ದಾರಿಯಲ್ಲಿ ಮುರಿದ ಜೀಪು: ಒಂದು ದುರಸ್ತಿಯ ಪ್ರಕರಣ ಅಧ್ಯಯನ

ಸಕಲೇಶಪುರ ತಾಲ್ಲೂಕಿನ ಹಾನುಬಾಳಿನ ಕಡೆ ನಮ್ಮ ಕಾಫಿ ತೋಟವಿದೆ. ಮನೆಯಿಂದ ಕೆಳಗಿನ ಹಳ್ಳಕ್ಕೆ ಇಳಿಯುವ ದಾರಿ ಒಂದೂವರೆ ಕಿಲೋಮೀಟರ್. ಬೇಸಿಗೆಯಲ್ಲಿ ಅದು ಬರೀ ಧೂಳಿನ ದಾರಿ. ಜೂನ್ ಬಂತೆಂದರೆ ನೀರು ಕೊರೆದ ಕೊರಕಲು, ಮಣ್ಣು ಕೊಚ್ಚಿಹೋಗಿ ತಲೆಯೆತ್ತಿದ ಗುಂಡುಕಲ್ಲು, ಕಾಲಿಟ್ಟಲ್ಲಿ ಜಾರುವ ಕೆಂಪು ಜೇಡಿ. ಈ ದಾರಿಯಲ್ಲಿ ಮೂವತ್ತು ವರ್ಷಗಳಿಂದ ಓಡಾಡುತ್ತಿರುವುದು ಅಪ್ಪ ತಂದ 1994ರ ಮಹೀಂದ್ರ ಎಂಎಂ540 ಜೀಪು. 2112 ಸಿಸಿಯ ಪ್ಯೂಜೋ ಡೀಸೆಲ್ ಎಂಜಿನ್, ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್, ನಾಲ್ಕು ಮೂಲೆಗೂ ಕಮಾನು ಪಟ್ಟಿ. ಗೊಬ್ಬರದ ಮೂಟೆ, ಕಾಫಿ ಹಣ್ಣಿನ ಚೀಲ, ಕೆಲಸಕ್ಕೆ ಬರುವವರು, ರಾತ್ರಿ ಜ್ವರ ಬಂದ ಮಗು, ಎಲ್ಲವೂ ಅದರ ಬೆನ್ನಿನ ಮೇಲೆಯೇ ಹೋಗಬೇಕು. ಹೀಗಾಗಿ ಅದು ಮುರಿದು ನಿಂತ ದಿನ ತೋಟವೂ ಅರ್ಧ ನಿಂತಂತೆ.

ಎರಡು ಮಳೆಗಾಲದ ಹಿಂದೆ, ಆಗಸ್ಟ್ ಕೊನೆಯಲ್ಲಿ, ಅದು ಹಾಗೆ ನಿಂತಿತು. ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಕೊಳೆರೋಗ ಕಾಣಿಸಿಕೊಂಡಿದ್ದ ಕೆಳಗಿನ ಪಟ್ಟೆಗೆ ಬೋರ್ಡೋ ದ್ರಾವಣ ಹೊಡೆಯಬೇಕಿತ್ತು. ಮೈಲುತುತ್ತು, ಸುಣ್ಣ, ಸ್ಪ್ರೇಯರ್, ಹಿಂದೆ ಕುಳಿತ ನಾಲ್ವರು. ಫೋರ್ ವೀಲ್ ಹಾಕಿ, ಲೋ ಗೇರಿನಲ್ಲಿ ನಿಧಾನವಾಗಿ ಇಳಿಯುತ್ತಿದ್ದೆ. ಹಳ್ಳಕ್ಕೆ ಇನ್ನು ಇಪ್ಪತ್ತು ಅಡಿ ಇರುವಾಗ ಎಡ ಮುಂಚಕ್ರ ಕೊರಕಲಿಗೆ ಬಿದ್ದು ಎದ್ದಿತು. ಮರದ ಕೊಂಬೆ ಮುರಿದಂಥ ಒಂದು ಸದ್ದು. ಸ್ಟೀರಿಂಗ್ ಎಡಕ್ಕೆ ಎಳೆಯಿತು, ತಡೆದರೂ ನಿಲ್ಲಲಿಲ್ಲ. ಜೀಪು ದಾರಿ ಬಿಟ್ಟು ಓರೆಯಾಗಿ ಜಾರಿ, ಹೊಟ್ಟೆಯನ್ನು ಒಂದು ಗುಂಡುಕಲ್ಲಿಗೆ ಉಜ್ಜಿಕೊಂಡು, ಮುಂದಿನ ಎರಡು ಚಕ್ರಗಳನ್ನು ಹಳ್ಳದ ನೀರಿಗಿಟ್ಟು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ.

ಅಲ್ಲಿಂದ ಮೇಲೆತ್ತಲು ಎರಡೂವರೆ ಗಂಟೆ ಹಿಡಿಯಿತು. ಮರ ಸಾಗಿಸುವವರು ಬಳಸುವ ಕೈ ಟಿರ್ಫರ್, ಅಂದರೆ ಉಕ್ಕಿನ ಹಗ್ಗವನ್ನು ಕೈಯಿಂದಲೇ ಎಳೆಯುವ ಸಾಧನ, ತೋಟದಲ್ಲಿತ್ತು. ಅದನ್ನು ಒಂದು ದಪ್ಪ ಸಿಲ್ವರ್ ಓಕ್ ಮರಕ್ಕೆ ಕಟ್ಟಿ ಅಂಗುಲ ಅಂಗುಲವಾಗಿ ಎಳೆದೆವು. ಮರದ ತೊಗಟೆ ಸುಲಿಯದಂತೆ ಗೋಣಿಚೀಲ ಸುತ್ತಿದ್ದೆವು. ಮೆಣಸಿನ ಬಳ್ಳಿ ಹಬ್ಬಿದ ಮರ ಅದು. ಎರಡು ಮುಂಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಟೈ ರಾಡ್ ಬಗ್ಗಿಹೋಗಿತ್ತು. ಅದನ್ನು ಬಿಚ್ಚಿ, ಎರಡು ಕಲ್ಲಿನ ನಡುವೆ ಇಟ್ಟು ಜಾಕಿನಿಂದ ಒತ್ತಿ ಒಂದಿಷ್ಟು ನೇರ ಮಾಡಿದೆವು. ಎಡ ಆಕ್ಸಲ್ ಹಿಂದಕ್ಕೆ ಸರಿಯದಂತೆ ಚಾಸಿಗೆ ಸರಪಳಿಯಿಂದ ಬಿಗಿದು, ಪಟ್ಟಿಯ ಮೇಲೆ ಮರದ ತುಂಡು ಸಿಕ್ಕಿಸಿ, ನಡೆಯುವ ವೇಗದಲ್ಲಿ ಮನೆ ಸೇರಿಸಿದೆ. ದಾರಿಯಲ್ಲಿ ಮಾಡಿದ ದುರಸ್ತಿ ಮನೆ ಮುಟ್ಟುವವರೆಗೆ ಮಾತ್ರ. ಆ ಟೈ ರಾಡನ್ನು ಮುಂದೆ ಯಾರೂ ಮರಳಿ ಹಾಕದಂತೆ ಎರಡು ತುಂಡು ಮಾಡಿಸಿ ಗುಜರಿಗೆ ಕೊಟ್ಟೆ.

ಮೊದಲು ಮುರಿದದ್ದು ಯಾವುದು?

ನನ್ನ ಲೆಕ್ಕ ಸರಳವಾಗಿತ್ತು. ಕಲ್ಲು ಟೈ ರಾಡಿಗೆ ಬಡಿಯಿತು, ರಾಡ್ ಬಗ್ಗಿತು, ಸ್ಟೀರಿಂಗ್ ಕೈತಪ್ಪಿತು, ಆ ಹೊಡೆತಕ್ಕೆ ಪಟ್ಟಿ ಮುರಿಯಿತು. ಹಾಗಾದರೆ ಮಾಡಬೇಕಾದದ್ದು ಜೀಪನ್ನು ಎತ್ತರಿಸುವುದು, ದೊಡ್ಡ ಟೈರು ಹಾಕುವುದು, ಮುಂದೆ ದಪ್ಪ ಕಬ್ಬಿಣದ ಬಂಪರ್ ಮತ್ತು ವಿಂಚ್ ಕೂರಿಸುವುದು. ಫೋನಿನಲ್ಲಿ ಬೆಲೆಯನ್ನೂ ವಿಚಾರಿಸಿಬಿಟ್ಟಿದ್ದೆ. ಎಲ್ಲ ಸೇರಿ ಒಂದೂವರೆ ಲಕ್ಷ ರೂಪಾಯಿ ದಾಟುತ್ತಿತ್ತು.

ನಮ್ಮ ಮೇಸ್ತ್ರಿಗೆ ಅರವತ್ತು ದಾಟಿದೆ. ಈ ಸೀಮೆಯ ಜೀಪುಗಳ ಹೊಟ್ಟೆಯ ಕೆಳಗೇ ಅವರ ಆಯುಷ್ಯ ಕಳೆದಿದೆ. ಅವರು ಬಂದವರೇ ಸ್ಪ್ಯಾನರ್ ಮುಟ್ಟಲಿಲ್ಲ. "ಮೊದಲು ತೊಳೆಯಿರಿ ಗೌಡರೇ. ಕೆಸರಿನ ಮೇಲೆ ಏನು ನೋಡುವುದು?" ಎಂದರು. ಇಡೀ ಅಡಿಭಾಗವನ್ನು ಸ್ಪ್ರೇಯರಿನ ನೀರಿನಿಂದಲೇ ತೊಳೆದೆವು. ಆಮೇಲೆ ಮುರಿದ ಮೇನ್ ಪಟ್ಟಿಯನ್ನು ಬಿಚ್ಚಿ, ಮುರಿದ ಬಾಯಿಯನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ಬಿಸಿಲಿಗೆ ಹಿಡಿದರು.

ಪಟ್ಟಿ ಮುರಿದದ್ದು ನಡುಮಧ್ಯದಲ್ಲಿ, ಸೆಂಟರ್ ಬೋಲ್ಟಿನ ತೂತಿನ ಪಕ್ಕ. ಮುರಿದ ಮುಖದಲ್ಲಿ ಎರಡು ಬಣ್ಣವಿತ್ತು. ತೂತಿನ ಅಂಚಿನಿಂದ ಹೊರಟ ಸುಮಾರು ಮೂರರಲ್ಲಿ ಎರಡು ಪಾಲು ಕಂದು, ನುಣುಪು. ಕಣ್ಣು ಹತ್ತಿರ ಒಯ್ದರೆ ಈರುಳ್ಳಿ ಕತ್ತರಿಸಿದಾಗ ಕಾಣುವಂಥ ಬಳೆಬಳೆಯಾದ ಗೆರೆಗಳು. ಉಳಿದ ಮೂರನೆಯ ಪಾಲು ಮಾತ್ರ ಸಕ್ಕರೆ ಹರಳಿನಂತೆ ಬೂದುಬಿಳಿಯಾಗಿ ಹೊಳೆಯುತ್ತಿತ್ತು. ಕಂದು ಭಾಗ ಹಳೆಯ ಬಿರುಕು. ಪ್ರತಿ ಬಳೆಯೂ ಅದು ಸ್ವಲ್ಪ ಸಾಗಿ, ನಿಂತು, ತುಕ್ಕು ಹಿಡಿದು, ಮತ್ತೆ ಸಾಗಿದ್ದರ ಗುರುತು. ಆ ದಿನ ನಿಜವಾಗಿ ಮುರಿದದ್ದು ಹೊಳೆಯುವ ಭಾಗ ಮಾತ್ರ. ತಿಂಗಳುಗಟ್ಟಲೆ ನಾವು ಮೂರನೆಯ ಒಂದು ಪಾಲು ಉಕ್ಕಿನ ಮೇಲೆ ಜನರನ್ನು ಕೂರಿಸಿಕೊಂಡು ಓಡಾಡುತ್ತಿದ್ದೆವು. ಆ ತುಂಡನ್ನು ಕೈಯಲ್ಲಿ ಹಿಡಿದಾಗ ನನಗಾದ ಭಯ ಜೀಪು ಹಳ್ಳಕ್ಕೆ ಜಾರುವಾಗಲೂ ಆಗಿರಲಿಲ್ಲ.

ನಡುವೆಯೇ ಏಕೆ ಮುರಿಯಿತು? ಪಟ್ಟಿಯ ಕಟ್ಟನ್ನು ಆಕ್ಸಲ್ಲಿಗೆ ಹಿಡಿದಿಡುವುದು ಯು ಬೋಲ್ಟುಗಳು. ಅವು ಬಿಗಿಯಾಗಿದ್ದರೆ ನಡುಭಾಗ ಕಲ್ಲಿನಂತೆ ಅಲುಗದೆ ಕೂರುತ್ತದೆ, ಬಾಗುವುದೆಲ್ಲ ಆಚೀಚಿನ ತೋಳುಗಳಲ್ಲಿ ಆಗುತ್ತದೆ. ಸಡಿಲವಾದರೆ ನಡುವೂ ಬಾಗತೊಡಗುತ್ತದೆ. ಅಲ್ಲಿ ಸೆಂಟರ್ ಬೋಲ್ಟಿಗಾಗಿ ತೂತು ಕೊರೆದಿರುವುದರಿಂದ ಪಟ್ಟಿಯ ಅತಿ ದುರ್ಬಲ ಜಾಗವೂ ಅದೇ. ನಮ್ಮ ಜೀಪಿನ ಎಡಬದಿಯ ಯು ಬೋಲ್ಟಿನ ನಟ್ಟುಗಳು ಸ್ಪ್ಯಾನರಿಗೆ ಜೋರು ಹಾಕದೆಯೇ ತಿರುಗಿದವು. ಮೂರು ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ಬುಷ್ ಬದಲಿಸಿದಾಗ ಹಳೆಯ ಯು ಬೋಲ್ಟುಗಳನ್ನೇ ಮರಳಿ ಹಾಕಿದ್ದರು. ಹೊಸದಾಗಿ ಜೋಡಿಸಿದ ಪಟ್ಟಿ ಕೆಲವು ದಿನ ಓಡಿ ಕುಳಿತ ಮೇಲೆ ಅವನ್ನು ಮತ್ತೊಮ್ಮೆ ಬಿಗಿಯಬೇಕು. ಆ ಕೆಲಸವನ್ನು ಅವರೂ ಹೇಳಲಿಲ್ಲ, ನಾನೂ ಮಾಡಿಸಲಿಲ್ಲ.

ಅಲ್ಲಿಂದ ಮುಂದಿನದು ಸರಪಳಿಯ ಕೊಂಡಿಯಂತೆ ಬಿಚ್ಚಿಕೊಂಡಿತು. ಪಟ್ಟಿಯ ಒಂದು ತುದಿ ಚಾಸಿಗೆ ಕದಲದಂತೆ ಸಿಕ್ಕಿರುತ್ತದೆ, ಇನ್ನೊಂದು ತುದಿ ಶಾಕಲ್ ಎಂಬ ಕೊಂಡಿಯಲ್ಲಿ ತೂಗಾಡುತ್ತದೆ. ಆಕ್ಸಲ್ಲನ್ನು ಅದರ ಜಾಗದಲ್ಲಿ ಹಿಡಿಯುವುದು ಕದಲದ ತುದಿಯ ಅರ್ಧ. ಮುರಿದದ್ದು ಅದೇ ಅರ್ಧ. ಆದ್ದರಿಂದ ಎಡ ಆಕ್ಸಲ್ ಹಿಂದಕ್ಕೆ ಸರಿಯಿತು. ಎಡ ಮಡ್ಗಾರ್ಡಿನ ಹಿಂಬದಿಯಲ್ಲಿ ಟೈರು ಉಜ್ಜಿದ ಕಪ್ಪು ಗುರುತು ಹಸಿಯಾಗಿಯೇ ಇತ್ತು. ಆಕ್ಸಲ್ ಓರೆಯಾದೊಡನೆ ಜೀಪು ಎಡಕ್ಕೆ ತಿರುಗಿತು. ಟೈ ರಾಡ್ ಕಲ್ಲಿಗೆ ಬಡಿದದ್ದು ಆಮೇಲೆ. ಅದರ ಮೇಲಿನ ಗೀಚುಗಳೇ ಇದನ್ನು ಹೇಳಿದವು: ಆಕ್ಸಲ್ ನೇರವಿದ್ದು ಜೀಪು ನೇರ ಇಳಿಯುವಾಗ ಕಲ್ಲು ಬಡಿದಿದ್ದರೆ ಗೀಚು ರಾಡಿಗೆ ಅಡ್ಡಲಾಗಿ ಬೀಳಬೇಕಿತ್ತು, ಇಲ್ಲಿ ಅವು ಓರೆಯಾಗಿ ಉದ್ದಕ್ಕೆ ಹರಿದಿದ್ದವು. ನನ್ನ ಲೆಕ್ಕ ತಲೆಕೆಳಗಾಗಿತ್ತು. ಎತ್ತರದ ಕೊರತೆಯಿಂದ ಏನೂ ಮುರಿದಿರಲಿಲ್ಲ. ಒಂದೂವರೆ ಲಕ್ಷ ಸುರಿದು ದೊಡ್ಡ ಟೈರು, ಬಂಪರ್, ವಿಂಚ್ ಏರಿಸಿದ್ದರೆ ಆ ಭಾರವೆಲ್ಲ ಅದೇ ಸಡಿಲ ಯು ಬೋಲ್ಟುಗಳ ಮೇಲೆ ಕೂರುತ್ತಿತ್ತು.

ಸುಣ್ಣದ ಪುಡಿ ತೋರಿಸಿದ ಗೆರೆ

ಸ್ಟೀರಿಂಗ್ ಬಾಕ್ಸನ್ನು ಚಾಸಿಗೆ ಕೂರಿಸಿದ ಜಾಗದ ಮೇಲೆ ಮೇಸ್ತ್ರಿಗೆ ಮೊದಲಿನಿಂದಲೂ ಅನುಮಾನ. ಟೈ ರಾಡಿಗೆ ಬಿದ್ದ ಪೆಟ್ಟು, ಸ್ಟೀರಿಂಗ್ ಬಾಕ್ಸನ್ನು ಚಕ್ರದ ಕಡೆಗೆ ಜೋಡಿಸುವ ಡ್ರ್ಯಾಗ್ ಲಿಂಕಿನ ಮೂಲಕ ಕೊನೆಗೆ ಮುಟ್ಟುವುದು ಅಲ್ಲಿಗೇ. ಬರಿಗಣ್ಣಿಗೆ ಏನೂ ಕಾಣಲಿಲ್ಲ. ಅವರು ಬಣ್ಣವನ್ನು ಕೆರೆದು, ಉಕ್ಕನ್ನು ಒರೆಸಿ, ಬ್ರಷ್ಷಿನಿಂದ ಸೀಮೆಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟರು. ಮತ್ತೆ ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಬೋರ್ಡೋಗೆ ತಂದಿದ್ದ ಸುಣ್ಣದ ಒಣ ಪುಡಿಯನ್ನೇ ತೆಳುವಾಗಿ ಉದುರಿಸಿದರು. ಚಾಸಿಯ ಬದಿಯನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಒಂದು ನಿಮಿಷ ಕಳೆಯುವುದರೊಳಗೆ ಬಿಳಿ ಪುಡಿಯ ಮೇಲೆ ಕೂದಲೆಳೆಯಷ್ಟು ತೆಳ್ಳನೆಯ ಕಪ್ಪು ಗೆರೆ ಮೂಡಿತು. ಬಿರುಕಿನೊಳಗೆ ಇಳಿದಿದ್ದ ಸೀಮೆಎಣ್ಣೆ ಹೊರಗೆ ಜಿನುಗಿ ಪುಡಿಯನ್ನು ನೆನೆಸಿತ್ತು. ಬೋಲ್ಟಿನ ತೂತಿನಿಂದ ಹೊರಟ ಗೆರೆ, ಅಳೆದರೆ 38 ಮಿಲಿಮೀಟರ್.

ಈ ಬಿರುಕಿಗೆ ಮೇಲಿನಿಂದ ಬೆಸುಗೆ ಎಳೆದು ಬಣ್ಣ ಬಳಿಯುವವರು ಬಹಳ. ಹಾಗೆ ಮಾಡಿದರೆ ಬಿರುಕಿನ ತುದಿ ಒಳಗೊಳಗೇ ಸಾಗುತ್ತದೆ. ನಾವು ಮೊದಲು ಗೆರೆಯ ಕೊನೆಯಲ್ಲಿ 6 ಮಿಲಿಮೀಟರಿನ ತೂತು ಕೊರೆದೆವು. ಚೂಪಾದ ತುದಿ ದುಂಡಗಾದರೆ ಬಿರುಕು ಮುಂದಕ್ಕೆ ಹೋಗುವ ಬಲ ಕಳೆದುಕೊಳ್ಳುತ್ತದೆ. ನಂತರ ಗೆರೆಯುದ್ದಕ್ಕೂ ಗ್ರೈಂಡರಿನಿಂದ ವಿ ಆಕಾರದ ಕಾಲುವೆ ತೆಗೆದು, ಒಣಗಿಸಿಟ್ಟ 7018 ಬೆಸುಗೆ ರಾಡಿನಿಂದ ಆಳದಿಂದ ತುಂಬಿಸಿದೆವು. ಮೇಲೆ ಒಂದು ಬಲಪಟ್ಟಿ. ಅದನ್ನು ಚೌಕವಾಗಿ ಕತ್ತರಿಸದೆ ವಜ್ರಾಕಾರದಲ್ಲಿ ಕತ್ತರಿಸಿದ್ದಕ್ಕೆ ಕಾರಣವಿದೆ. ಚೌಕ ಪಟ್ಟಿಯ ಬೆಸುಗೆ ಚಾಸಿಗೆ ಅಡ್ಡಲಾಗಿ ನೇರ ಗೆರೆ ಎಳೆಯುತ್ತದೆ, ಮುಂದೊಂದು ದಿನ ಚಾಸಿ ಆ ಗೆರೆಯಲ್ಲೇ ಸೀಳುತ್ತದೆ. ಬೆಸುಗೆಗೆ ಮುನ್ನ ಬ್ಯಾಟರಿಯ ತಂತಿ ಬಿಚ್ಚಿ, ಆಲ್ಟರ್ನೇಟರ್ ಕಳಚಿ, ಬ್ರೇಕ್ ಪೈಪಿಗೆ ಒದ್ದೆ ಗೋಣಿ ಹೊದಿಸಿದ್ದೆವು. ಹತ್ತಿರದಲ್ಲಿ ಒಬ್ಬ ಹುಡುಗ ನೀರಿನ ಬಕೆಟ್ ಹಿಡಿದು ನಿಂತೇ ಇದ್ದ.

ಚಾಸಿ ತಿರುಚಿದೆಯೇ ಎಂದು ನೋಡಲು ದೊಡ್ಡ ಯಂತ್ರ ಬೇಕಾಗಲಿಲ್ಲ. ಕಾಫಿ ಒಣಗಿಸುವ ಸಿಮೆಂಟು ಕಣದ ಸಮತಟ್ಟಾದ ಜಾಗದಲ್ಲಿ ಜೀಪು ನಿಲ್ಲಿಸಿ, ಚಾಸಿಯ ನಾಲ್ಕು ಮೂಲೆಯ ಒಂದೇ ಬಗೆಯ ತೂತುಗಳಿಂದ ಗಾರೆಯವರ ತೂಗುಗುಂಡು ಇಳಿಬಿಟ್ಟು, ಕೆಳಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಜೀಪು ಸರಿಸಿ ಕರ್ಣಗಳನ್ನು ಅಳೆದಾಗ ಎರಡಕ್ಕೂ 4 ಮಿಲಿಮೀಟರ್ ವ್ಯತ್ಯಾಸ. ಮೂವತ್ತು ವರ್ಷದ ತೋಟದ ಜೀಪಿಗೆ ಅದು ಚಿಂತೆಯ ಮಾತಲ್ಲ ಎಂದು ಮೇಸ್ತ್ರಿ ತೀರ್ಮಾನಿಸಿದರು, ನಾನೂ ಒಪ್ಪಿದೆ.

ಮುಂದಿನ ಆಕ್ಸಲ್ ಹೌಸಿಂಗಿನ ಡ್ರೈನ್ ಬೋಲ್ಟ್ ಬಿಚ್ಚಿದಾಗ ಎಣ್ಣೆಯ ಬದಲು ಹಾಲು ಬೆರೆತ ಕಾಫಿಯ ಬಣ್ಣದ ಗಟ್ಟಿ ದ್ರವ ಇಳಿಯಿತು. ಆಕ್ಸಲ್ ಹೌಸಿಂಗಿಗೆ ಉಸಿರಾಡಲು ಒಂದು ಪುಟ್ಟ ಮೂಗು ಇರುತ್ತದೆ. ನಮ್ಮದರಲ್ಲಿ ಅದು ಕೆಸರಿನಿಂದ ಮುಚ್ಚಿಹೋಗಿತ್ತು. ಲೋ ಗೇರಿನಲ್ಲಿ ಇಳಿದು ಬಿಸಿಯಾಗಿದ್ದ ಹೌಸಿಂಗ್ ತಣ್ಣನೆಯ ಹಳ್ಳದಲ್ಲಿ ಎರಡು ಗಂಟೆ ಕುಳಿತಾಗ ಒಳಗಿನ ಗಾಳಿ ಕುಗ್ಗಿತು. ಮೂಗಿನಿಂದ ಗಾಳಿ ಸಿಗದೆ, ಆಯಿಲ್ ಸೀಲಿನ ಸಂದಿನಿಂದ ನೀರನ್ನೇ ಎಳೆದುಕೊಂಡಿತು. ಘಟನೆಯಾದ ಐದನೆಯ ದಿನಕ್ಕೇ ಬೇರಿಂಗಿನ ರೋಲರುಗಳ ಮೇಲೆ ತುಕ್ಕಿನ ಚುಕ್ಕೆಗಳಿದ್ದವು. ಒಳಗಿನ ಕ್ರೌನ್ ಪಿನಿಯನ್ ಗೇರುಗಳ ಹಲ್ಲುಗಳು ಉಳಿದಿದ್ದವು, ಬೇರಿಂಗುಗಳನ್ನೂ ಸೀಲುಗಳನ್ನೂ ಹೊಸದು ಹಾಕಬೇಕಾಯಿತು. ನೀರಿಗಿಳಿದ ಜೀಪಿನ ಹೌಸಿಂಗ್ ಎಣ್ಣೆಯನ್ನು ಅದೇ ವಾರ ನೋಡಬೇಕು. "ಓಡುತ್ತಿದೆಯಲ್ಲ" ಎಂದು ಬಿಟ್ಟರೆ ಎರಡು ತಿಂಗಳಲ್ಲಿ ಅದು ಊಳಿಡತೊಡಗುತ್ತದೆ, ಆಗ ಕ್ರೌನ್ ಪಿನಿಯನ್ನೂ ಹೋಗಿರುತ್ತದೆ.

ಎಂಜಿನ್ನಿನ ಬಲವನ್ನು ಹಿಂದಿನ ಆಕ್ಸಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೊಳವೆ ಗುಂಡುಕಲ್ಲಿಗೆ ಉಜ್ಜಿ ತಗ್ಗಾಗಿತ್ತು. ಅದನ್ನು ಹಾಸನದ ಒಂದು ಲೇತಿನಲ್ಲಿ ಬದಲಿಸಿ, ತೂಕ ಸರಿ ಮಾಡಿಸಿ ತಂದೆವು. ಮರಳಿ ಜೋಡಿಸುವಾಗ ಎರಡು ತುದಿಯ ಬಾಗುವ ಕೀಲುಗಳಾದ ಕ್ರಾಸುಗಳ ಕವಲುಗಳು ಒಂದೇ ಸಮತಲದಲ್ಲಿರಬೇಕು. ಒಂದು ಹಲ್ಲು ತಪ್ಪಿ ಕೂತರೂ ಇಡೀ ಜೀಪು ನಡುಗುತ್ತದೆ.

ಏನನ್ನು ಬಲಪಡಿಸಬೇಕು, ಏನನ್ನು ಬಿಡಬೇಕು

ದುರಸ್ತಿಗಿಂತ ಹೆಚ್ಚು ಚರ್ಚೆ ನಡೆದದ್ದು ಇಲ್ಲಿ. ಟೈ ರಾಡನ್ನು ಇನ್ನೆಂದೂ ಬಗ್ಗದಂತೆ ಗಟ್ಟಿ ಉಕ್ಕಿನ ಸಲಾಕೆಯಿಂದ ಮಾಡಿಸಿಬಿಡೋಣ ಎಂದೆ. ಮೇಸ್ತ್ರಿ ಚಾಸಿಯ ಮೇಲಿನ ವಜ್ರಾಕಾರದ ಪಟ್ಟಿಯನ್ನು ತೋರಿಸಿ, "ಆಗ ಕಲ್ಲಿನ ಪೆಟ್ಟು ಪೂರ್ತಿ ಇಲ್ಲಿಗೆ ಬರುತ್ತದೆ. ರಾಡ್ ಬಗ್ಗಿದ್ದಕ್ಕೇ ಸ್ಟೀರಿಂಗ್ ಬಾಕ್ಸ್ ಉಳಿದಿದೆ. ನಿಮಗೆ ಯಾವುದು ಹೋದರೆ ಪರವಾಗಿಲ್ಲ, ಅದನ್ನು ಹೇಳಿ" ಎಂದರು.

ಇಡೀ ಪ್ರಕರಣದಲ್ಲಿ ನಾನು ಕಲಿತದ್ದು ಆ ಪ್ರಶ್ನೆಯಲ್ಲಿದೆ. ಕಲ್ಲಿನ ಪೆಟ್ಟು ಎಲ್ಲಿಗಾದರೂ ಹೋಗಲೇಬೇಕು. ಒಂದು ಭಾಗವನ್ನು ದಪ್ಪ ಮಾಡಿದರೆ ಅದು ಪಕ್ಕದ ಭಾಗವನ್ನು ಹುಡುಕಿಕೊಂಡು ಹೋಗುತ್ತದೆ. ಟೈ ರಾಡ್ ಹೋದರೆ ಅರ್ಧ ದಿನದ ಕೆಲಸ, ಕೆಲವು ಸಾವಿರ ರೂಪಾಯಿ. ಚಾಸಿ ಸೀಳಿದರೆ ಜೀಪೇ ಹೋದಂತೆ. ಆದ್ದರಿಂದ ಟೈ ರಾಡಿಗೆ ಮೊದಲಿಗಿಂತ ತುಸು ದಪ್ಪ ಗೋಡೆಯ, ಬೆಸುಗೆಯಿಲ್ಲದ ಕೊಳವೆ ಆರಿಸಿದೆವು: ಸಣ್ಣ ಪೆಟ್ಟು ತಡೆಯಬೇಕು, ದೊಡ್ಡದಕ್ಕೆ ಬಗ್ಗಬೇಕು, ತುಂಡಾಗಬಾರದು. ಮತ್ತೊಂದು ಟೈ ರಾಡ್ ಸೀಟಿನ ಕೆಳಗೆ ಸದಾ ಇರುತ್ತದೆ. ಸ್ಟೀರಿಂಗ್ ರಾಡುಗಳಿಗೆ ಬೆಸುಗೆ ಹಾಕಿ ಓಡಿಸುವುದನ್ನು ಮಾತ್ರ ಯಾರು ಹೇಳಿದರೂ ಒಪ್ಪಬೇಡಿ. ಅದರ ಮೇಲೆ ಜೀಪಿನಲ್ಲಿ ಕೂತವರ ಜೀವ ನಿಂತಿರುತ್ತದೆ.

ಸ್ಟೀರಿಂಗ್ ಬಾಕ್ಸಿನ ಬದಿಯಿಂದ ಎದುರು ಬದಿಯ ಚಾಸಿಗೆ ಒಂದು ಅಡ್ಡಕೊಳವೆ ಕಟ್ಟಿ, ಪೆಟ್ಟು ಎರಡು ಬದಿಗೂ ಹಂಚಿಹೋಗುವಂತೆ ಮಾಡಿದೆವು. ಮುಂದಿನ ಎರಡೂ ಪಟ್ಟಿ ಕಟ್ಟುಗಳು ಹೊಸವು. ಅವುಗಳಲ್ಲಿ ಎರಡನೆಯ ಪಟ್ಟಿಯ ತುದಿಯನ್ನು ಮೇನ್ ಪಟ್ಟಿಯ ಕಿವಿಯ ಸುತ್ತ ಸಡಿಲವಾಗಿ ಸುತ್ತಿಸಿದೆವು, ಮೇನ್ ಪಟ್ಟಿ ಮುರಿದರೂ ಆಕ್ಸಲ್ ಓಡಿಹೋಗದಂತೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಬೆಲೆಯುಳ್ಳ ಬದಲಾವಣೆ ಇದು. ಹೆಚ್ಚುವರಿ ಖರ್ಚು ತೀರಾ ಕಡಿಮೆ. ಯು ಬೋಲ್ಟುಗಳೂ ನಟ್ಟುಗಳೂ ಹೊಸವು ಎಂದು ಬೇರೆ ಹೇಳಬೇಕಿಲ್ಲ. ಹೌಸಿಂಗಿನ ಮೂಗುಗಳಿಗೆ ರಬ್ಬರ್ ಕೊಳವೆ ಜೋಡಿಸಿ ಬಾನೆಟ್ಟಿನೊಳಗೆ ಎತ್ತರಕ್ಕೆ ಒಯ್ದೆವು. ಗೇರ್‌ಬಾಕ್ಸಿನ ಕೆಳಗೆ 5 ಮಿಲಿಮೀಟರ್ ದಪ್ಪದ ರಕ್ಷಣಾ ತಗಡು ಬಂತು. ಕೆಸರು ಇಳಿಯಲು, ಎಣ್ಣೆ ಬದಲಿಸಲು ಅದರಲ್ಲಿ ತೂತುಗಳಿವೆ. ತೂತಿಲ್ಲದ ತಗಡು ಒಂದು ಮಳೆಗಾಲದಲ್ಲಿ ಕೆಸರಿನ ತೊಟ್ಟಿಯಾಗುತ್ತದೆ. ಎಳೆಯಲು ಮುಂದೆ ಹಿಂದೆ ನೇರ ಚಾಸಿಗೇ ಬಿಗಿದ ಕೊಕ್ಕೆಗಳು.

ಎತ್ತರಿಸುವುದನ್ನು ಕೈಬಿಟ್ಟೆವು. ಜೀಪು ಎರಡು ಅಂಗುಲ ಎದ್ದರೆ ಡ್ರ್ಯಾಗ್ ಲಿಂಕಿನ ಓರೆ ಹೆಚ್ಚಿ ಪ್ರತಿ ಗುಂಡಿಗೂ ಸ್ಟೀರಿಂಗ್ ತಾನೇ ತಿರುಗುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳು ಬೇಗ ಸವೆಯುತ್ತವೆ, ಬ್ರೇಕ್ ಹೋಸು ಸಾಲುವುದಿಲ್ಲ. 31 ಅಂಗುಲದ ಟೈರಿನ ಕಥೆಯೂ ಹೀಗೆಯೇ. ನಮ್ಮ 6.00-16 ಟೈರಿನ ವ್ಯಾಸ ಹತ್ತಿರ ಹತ್ತಿರ 28 ಅಂಗುಲ. ವ್ಯಾಸ ಶೇ. 10ರಷ್ಟು ಹೆಚ್ಚಿದರೆ ಎಲ್ಲ ಗೇರುಗಳೂ ಅಷ್ಟು ಹೆಚ್ಚು ಓಟದ ಗೇರುಗಳಾಗುತ್ತವೆ. ಇಳಿಜಾರಿನಲ್ಲಿ ಎಂಜಿನ್ ಹಿಡಿತ ಕಡಿಮೆ, ಏರಿನಲ್ಲಿ ಕ್ಲಚ್ಚಿಗೆ ಬೇಗೆ. ಅಳತೆ ಅದೇ ಇಟ್ಟು, ಕೆಸರಿಗೆ ಹಿಡಿಯುವ ದಪ್ಪ ಹಲ್ಲಿನ ಟೈರು ಹಾಕಿದೆವು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆಯನ್ನು ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ವಾಹನದ ಮುಂದೆ ಬಿಗಿಯುವ ಕಬ್ಬಿಣದ ಬುಲ್ ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ಹದಿನೈದು ವರ್ಷ ದಾಟಿದ ನಮ್ಮ ಜೀಪು 5 ವರ್ಷಕ್ಕೊಮ್ಮೆ ತಪಾಸಣೆಗೆ ಹೋಗಿ ನೋಂದಣಿ ನವೀಕರಿಸಿಕೊಳ್ಳಬೇಕು. ಎತ್ತರಿಸಿದ, ಬಂಪರ್ ಬಿಗಿದ ಜೀಪನ್ನು ಅಲ್ಲಿಗೆ ಒಯ್ಯುವುದು ಹೇಗೆ?

ಒಟ್ಟು ಖರ್ಚು 72,000 ರೂಪಾಯಿ. ಅದರಲ್ಲಿ ತಗಡು ಮತ್ತು ಕೊಕ್ಕೆಗಳಿಗೆ 9,500. ಉಳಿದದ್ದೆಲ್ಲ ಮುರಿದದ್ದನ್ನು ಸರಿಪಡಿಸಲು ಮತ್ತು ಅದೇ ಕೆಲಸದೊಳಗೆ ಸೇರಿದ ಸುಧಾರಣೆಗಳಿಗೆ. ಹದಿನೇಳು ದಿನ ಜೀಪು ಕಣದಲ್ಲಿ ನಿಂತಿತ್ತು. ಮುಂದಿನ ಚಕ್ರಗಳ ಮುಖವನ್ನು 2 ಮಿಲಿಮೀಟರ್ ಒಳಕ್ಕೆ ಹೊಂದಿಸಿ, ಮೊದಲು ಖಾಲಿಯಾಗಿ ಸಕಲೇಶಪುರದವರೆಗೆ, ಆಮೇಲೆ ಹತ್ತು ಮೂಟೆ ಗೊಬ್ಬರ ಹೇರಿ ತೋಟದೊಳಗೆ ಓಡಿಸಿ ನೋಡಿದೆವು. 100 ಕಿಲೋಮೀಟರ್ ಆದಾಗ ಯು ಬೋಲ್ಟಿನ ನಟ್ಟುಗಳಿಗೆ ಟಾರ್ಕ್ ವ್ರೆಂಚ್ ಇಟ್ಟೆ. ಎಂಟು ನಟ್ಟುಗಳಲ್ಲಿ ಆರು ನಟ್ಟುಗಳು ತಲಾ ಕಾಲು ಸುತ್ತು ತಿರುಗಿದವು. 500 ಕಿಲೋಮೀಟರಿಗೆ ಮತ್ತೆ ನೋಡಿದಾಗ ಒಂದೂ ಕದಲಲಿಲ್ಲ. ಹೊಸ ಬೋಲ್ಟು, ಹೊಸ ಪಟ್ಟಿ, ನುರಿತ ಕೈ ಎಲ್ಲ ಇದ್ದೂ ಮೊದಲ ನೂರು ಕಿಲೋಮೀಟರಿನಲ್ಲಿ ಇಷ್ಟು ಸಡಿಲ.

ಮರುವರ್ಷ ಜುಲೈಯಲ್ಲಿ ಅದೇ ಕೊರಕಲಿನಲ್ಲಿ ಟೈ ರಾಡ್ ಮತ್ತೆ ಕಲ್ಲಿಗೆ ಬಡಿಯಿತು, ಬೆರಳಿನಷ್ಟು ಬಗ್ಗಿತು. ಅಲ್ಲೇ ಸೀಟಿನ ಕೆಳಗಿದ್ದ ಇನ್ನೊಂದನ್ನು ಹಾಕಿಕೊಂಡು ನಲವತ್ತು ನಿಮಿಷದಲ್ಲಿ ಹಳ್ಳ ದಾಟಿದೆ. ಸಂಜೆ ಮೇಸ್ತ್ರಿಯನ್ನು ಕರೆಸಿದೆ. ಅವರು ಸ್ಟೀರಿಂಗ್ ಬಾಕ್ಸಿನ ಬುಡವನ್ನು ಒರೆಸಿ, ಸೀಮೆಎಣ್ಣೆ ಸವರಿ, ಮತ್ತೆ ಒರೆಸಿ, ಸುಣ್ಣದ ಪುಡಿ ಉದುರಿಸಿ ಮರದ ಸುತ್ತಿಗೆಯಿಂದ ತಟ್ಟಿದರು. ಟಾರ್ಚ್ ಹಿಡಿದು ಇಬ್ಬರೂ ಐದು ನಿಮಿಷ ಕಾದೆವು. ಪುಡಿ ಬೆಳ್ಳಗೇ ಇತ್ತು.